ಗಂಡೋ, ಹೆಣ್ಣೋ? ಪಂಜರದ ಗೋಸುಂಬೆ ಮರಿಯ ಮುಂದಿರುವ ಪ್ರಶ್ನೆ

‘ಗಂಡೋ, ಹೆಣ್ಣೋ?’ ಮಲೆನಾಡಿನ ಕೃಷಿಕನಿಗೆ ಈ ಪ್ರಶ್ನೆ ಹೊಸದಲ್ಲ. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದ ಕ್ಷಣದಲ್ಲಿ ಮನೆಮಂದಿಯ ಬಾಯಲ್ಲಿ ಮೊದಲು ಬರುವ ಮಾತು ಇದು. ಅಡಕೆ ತೋಟದ ನಡುವೆ ಜಾಯಿಕಾಯಿ ಬೀಜದ ಸಸಿ ನೆಟ್ಟವನು ಅದು ಗಂಡು ಗಿಡವೋ ಹೆಣ್ಣು ಗಿಡವೋ ಎಂದು ತಿಳಿಯಲು ಹೂ ಬಿಡುವ ತನಕ, ಅಂದರೆ ಹಲವು ವರ್ಷಗಳ ಕಾಲ ಕಾಯಬೇಕಾಗುತ್ತದೆ. ಹಿತ್ತಲ ಪಪ್ಪಾಯಿಯ ಕತೆಯೂ ಇದೇ. ಜಾಯಿಕಾಯಿಯ ಕಸಿಗಿಡಗಳಿಗೆ ಇಷ್ಟೊಂದು ಬೇಡಿಕೆ ಬಂದಿರುವುದಕ್ಕೆ ಈ ಕಾಯುವಿಕೆಯನ್ನು ತಪ್ಪಿಸಿಕೊಳ್ಳುವ ಆಸೆಯೂ ಒಂದು ಕಾರಣ. ಎಳೆಯ ಜೀವ ತನ್ನ ಲಿಂಗವನ್ನು ಮರೆಮಾಡಿಕೊಂಡಿರುವುದು ನಿಸರ್ಗದಲ್ಲಿ ಸಹಜ. ಅದಕ್ಕೆ ಬೆಲೆ ಕಟ್ಟಲು ಹೊರಟ ಮನುಷ್ಯನಿಗೆ ಮಾತ್ರ ಅದೊಂದು ತೊಡಕಾಗಿ ಕಾಣುತ್ತದೆ.

ಇದೇ ಪ್ರಶ್ನೆಯನ್ನು ಈಗ ಬೆರಳುದ್ದದ ಗೋಸುಂಬೆ ಮರಿಯ ಮುಂದೆಯೂ ಇಡಲಾಗುತ್ತಿದೆ. ಗೋಸುಂಬೆಗಳನ್ನು ಗಾಜಿನ ಅಥವಾ ಜಾಲರಿಯ ಗೂಡಿನಲ್ಲಿಟ್ಟು ಸಾಕುವ ಹವ್ಯಾಸ ಅಮೆರಿಕ ಮತ್ತು ಯುರೋಪುಗಳಲ್ಲಿ ಹಲವು ದಶಕಗಳಿಂದ ಬೇರೂರಿದೆ. ವಿದೇಶಿ ಪ್ರಾಣಿಗಳನ್ನು ಮನೆಯಲ್ಲಿ ಇರಿಸಿಕೊಳ್ಳುವ ಶೋಕಿ ಭಾರತದ ಮಹಾನಗರಗಳನ್ನೂ ಮುಟ್ಟಿದೆ. ನಗರದಲ್ಲಿ ಓದುವ, ದುಡಿಯುವ ಮಲೆನಾಡಿನ ಮಕ್ಕಳ ಮೂಲಕ ಆ ಸುದ್ದಿ ಹಳ್ಳಿಗಳಿಗೂ ತಲುಪುತ್ತಿದೆ. ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ, ಮರಿ ಗಂಡೋ ಹೆಣ್ಣೋ ಎಂಬುದು. ಗಂಡಿಗೆ ಬಣ್ಣ ಹೆಚ್ಚು, ಆದ್ದರಿಂದ ಬೇಡಿಕೆಯೂ ಹೆಚ್ಚು. ಈ ಪ್ರಶ್ನೆಗೆ ಉತ್ತರವಿದೆ. ಆದರೆ ಆ ಉತ್ತರದ ಜೊತೆಯಲ್ಲಿಯೇ ಬರುವ ಹೊಣೆಯ ಕುರಿತು ಕೇಳುವವರು ವಿರಳ. ಕೈಯಲ್ಲಿರುವ ಮರಿ ಹೆಣ್ಣಾದರೆ ಅದರ ಮುಂದಿನ ಬದುಕು ಏನು ಎಂಬುದನ್ನು ತಿಳಿಯದೆ ಅದನ್ನು ಗೂಡಿಗೆ ಸೇರಿಸುವುದು, ಆ ಜೀವಕ್ಕೂ ಸುತ್ತಲಿನ ಕಾಡಿಗೂ ಅಪಾಯ ತರುವ ಕೆಲಸ.

ಮೊದಲು ಪ್ರಾಣಿ ಯಾವುದೆಂಬುದು ಸ್ಪಷ್ಟವಾಗಬೇಕು. ಬೇಲಿಗೂಟದ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತವನ್ನೇ ಅನೇಕರು ಗೋಸುಂಬೆಯೆಂದು ಕರೆಯುತ್ತಾರೆ. ಓತಿಕ್ಯಾತವೂ ಬಣ್ಣ ಬದಲಿಸುವುದರಿಂದ ಈ ಗೊಂದಲ ಸಹಜವೇ. ನಿಜವಾದ ಗೋಸುಂಬೆ, ಅಂದರೆ ಊಸರವಳ್ಳಿ, ಬೇರೆಯೇ ಕುಟುಂಬಕ್ಕೆ ಸೇರಿದೆ. ಎರಡೂ ಪಕ್ಕಗಳಿಂದ ಅದುಮಿದಂತಹ ಚಪ್ಪಟೆ ಮೈ, ಕೊಂಬೆಗೆ ಸುರುಳಿ ಸುತ್ತುವ ಬಾಲ, ಒಂದು ಮುಂದಕ್ಕೆ ನೋಡುತ್ತಿರುವಾಗ ಇನ್ನೊಂದು ಹಿಂದಕ್ಕೆ ತಿರುಗಬಲ್ಲ ಕಣ್ಣುಗಳು, ಇಕ್ಕಳದಂತೆ ಎರಡು ಕಡೆಯಿಂದ ಹಿಡಿಯುವ ಬೆರಳುಗಳು, ಮೈಯುದ್ದವನ್ನೂ ಮೀರಿ ಚಿಮ್ಮುವ ನಾಲಿಗೆ, ಇವು ಅದರ ಗುರುತುಗಳು. ಜಗತ್ತಿನಲ್ಲಿ ಇಂತಹ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಅರ್ಧದಷ್ಟು ಮಡಗಾಸ್ಕರ್ ದ್ವೀಪವೊಂದರಲ್ಲಿಯೇ ಇವೆ. ಭಾರತಕ್ಕೆ ಇರುವುದು ಒಂದೇ ಪ್ರಭೇದ, ವಿಜ್ಞಾನಿಗಳು ‘ಕಮೀಲಿಯೊ ಜೇಲಾನಿಕಸ್’ ಎಂದು ಕರೆಯುವ ಗೋಸುಂಬೆ.

ಸಾಕುಪ್ರಾಣಿಗಳ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣಸಿಗುವುದು ಯೆಮನ್ ಗೋಸುಂಬೆ. ಯೆಮನ್ ದೇಶ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗದ ಬೆಟ್ಟದ ಇಳಿಜಾರುಗಳು, ಕಣಿವೆಗಳು ಅದರ ತವರು. ಬಾಬಾಬುಡನ್ ಕಾಫಿ ಬೀಜಗಳನ್ನು ತಂದರೆಂದು ಚಿಕ್ಕಮಗಳೂರಿನ ಜನ ನಂಬಿರುವುದು ಆ ನಾಡಿನಿಂದಲೇ. ಅಲ್ಲಿನ ಬೆಟ್ಟಗಳಲ್ಲಿಯೂ ಮೆಟ್ಟಿಲು ಗದ್ದೆಗಳಿವೆ, ಮಳೆಗಾಲವಿದೆ. ಈ ಪ್ರಭೇದದ ತಲೆಯ ಮೇಲೆ ಎತ್ತರದ ಕಿರೀಟದಂತಹ ರಚನೆಯಿದೆ. ಬೆಳೆದ ಗಂಡಿನಲ್ಲಿ ಕಿರೀಟ ಎತ್ತರ, ಮೈಮೇಲೆ ಹಳದಿ, ಹಸಿರು, ನೀಲಿ ಪಟ್ಟೆಗಳು. ಹೆಣ್ಣು ಗಾತ್ರದಲ್ಲಿ ಚಿಕ್ಕದು, ಕಿರೀಟವೂ ತಗ್ಗು. ಮರಿಯಾಗಿದ್ದಾಗ ಈ ಯಾವ ಭೇದವೂ ಕಾಣದು. ಎಲ್ಲವೂ ಎಳೆ ಹಸಿರಿನ ಪುಟ್ಟ ಜೀವಗಳು.

ಆದರೂ ಯೆಮನ್ ಗೋಸುಂಬೆಯ ಮರಿಯಲ್ಲಿ ಲಿಂಗವನ್ನು ಮೊಟ್ಟೆಯೊಡೆದ ದಿನವೇ ಗುರುತಿಸಬಹುದು. ನೋಡಬೇಕಾದದ್ದು ಹಿಂಗಾಲಿನ ಹಿಮ್ಮಡಿ. ಗಂಡು ಮರಿಯ ಹಿಮ್ಮಡಿಯ ಹಿಂಬದಿಯಲ್ಲಿ ಹುಂಜದ ಕಾಲಿನ ಮುಳ್ಳನ್ನು ನೆನಪಿಸುವ ಒಂದು ಪುಟ್ಟ ಚಾಚು ಹುಟ್ಟುವಾಗಲೇ ಇರುತ್ತದೆ. ಹೆಣ್ಣಿನ ಹಿಮ್ಮಡಿ ನುಣುಪು. ಮೊದಲ ವಾರಗಳಲ್ಲಿ ಆ ಚಾಚು ಸಾಸಿವೆಗಿಂತಲೂ ಸಣ್ಣದಾಗಿರುವುದರಿಂದ ಭೂತಗನ್ನಡಿ ಬೇಕಾದೀತು. ಪೊರೆ ಕಳಚುವ ಹೊತ್ತಿನಲ್ಲಿ ಅಲ್ಲಿ ಅಂಟಿಕೊಂಡ ಚರ್ಮದ ಚೂರನ್ನೇ ಚಾಚೆಂದು ಭ್ರಮಿಸುವುದೂ ಉಂಟು. ಎರಡೂ ಕಾಲುಗಳನ್ನು ನೋಡಿ, ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಿದರೆ ತಪ್ಪಾಗುವ ಸಂಭವ ಕಡಿಮೆ. ಬೆಳೆಬೆಳೆದಂತೆ ಚಾಚೂ ಬೆಳೆಯುತ್ತದೆ. ಕೆಲವು ತಿಂಗಳ ಬಳಿಕ ಬರಿಗಣ್ಣಿಗೆ ಸ್ಪಷ್ಟ.

ಎಲ್ಲ ಗೋಸುಂಬೆಗಳಲ್ಲಿಯೂ ಈ ಸೌಲಭ್ಯವಿಲ್ಲ. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಗೆ ಹಿಮ್ಮಡಿಯ ಮುಳ್ಳಿಲ್ಲ. ಅದರ ಮರಿಗಳೆಲ್ಲ ಒಣಗಿದ ಎಲೆಯಂತೆ ಕಂದು, ಬೂದು. ಕೆಲವು ತಿಂಗಳು ಕಳೆದ ಮೇಲೆ ಗಂಡಿನ ಬಾಲದ ಬುಡ ಉಬ್ಬತೊಡಗುತ್ತದೆ, ಏಕೆಂದರೆ ಅದರ ಜನನಾಂಗಗಳು ಅಲ್ಲಿ ಒಳಗೆ ಮಡಚಿಕೊಂಡಿರುತ್ತವೆ. ಹೆಣ್ಣಿನ ಬಾಲ ಬುಡದಿಂದಲೇ ಸಪೂರ. ಅದರ ಬೆನ್ನಿಗೇ ಗಂಡಿನ ಮೈಮೇಲೆ ಬಣ್ಣಗಳು ಮೂಡುತ್ತವೆ: ದ್ವೀಪದ ಒಂದೊಂದು ಸೀಮೆಯ ಗಂಡಿಗೆ ಒಂದೊಂದು ಬಣ್ಣ, ಒಂದೆಡೆ ನೀಲಿ ಮಿಶ್ರಿತ ಹಸಿರು, ಇನ್ನೊಂದೆಡೆ ಕೆಂಪು. ಹೆಣ್ಣು ಬಹುತೇಕ ಎಲ್ಲೆಡೆಯೂ ನಸುಗೆಂಪು ಛಾಯೆಯ ಕಂದು ಬಣ್ಣದಲ್ಲಿಯೇ ಉಳಿಯುತ್ತದೆ. ಪೂರ್ವ ಆಫ್ರಿಕದ ಜಾಕ್ಸನ್ ಗೋಸುಂಬೆಯಲ್ಲಿ ಬೆಳೆದ ಗಂಡಿನ ಮೂತಿಯ ಮೇಲೆ ಮೂರು ಕೊಂಬುಗಳಿರುತ್ತವೆ. ಆದರೆ ಕೊಂಬು ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು ಎಂಬ ಸರಳ ಸೂತ್ರ ಇಲ್ಲಿ ನಿಲ್ಲದು. ಅದರ ಕೆಲವು ಉಪಪ್ರಭೇದಗಳಲ್ಲಿ ಹೆಣ್ಣಿಗೂ ಕೊಂಬಿನ ಕುರುಹು ಇರುತ್ತದೆ. ಎಳೆಯ ಮರಿಯ ಮೂತಿಯನ್ನು ನೋಡಿ ಖಚಿತವಾಗಿ ಹೇಳುವವನ ಮಾತನ್ನು ನಂಬಬೇಕಿಲ್ಲ.

ಮೊಟ್ಟೆಗೆ ಕೊಡುವ ಶಾಖವನ್ನು ಹೆಚ್ಚು ಕಡಿಮೆ ಮಾಡಿ ಬೇಕಾದ ಲಿಂಗದ ಮರಿ ಪಡೆಯಬಹುದೆಂಬ ಮಾತೂ ಚಾಲ್ತಿಯಲ್ಲಿದೆ. ಮೊಸಳೆ, ಕಡಲಾಮೆಗಳ ವಿಷಯದಲ್ಲಿ ಗೂಡಿನ ಶಾಖ ಮರಿಯ ಲಿಂಗವನ್ನು ನಿರ್ಧರಿಸುವುದು ನಿಜ. ಗೋಸುಂಬೆಗೆ ಆ ಮಾತು ಸಲ್ಲದು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಯೆಮನ್ ಗೋಸುಂಬೆಯಲ್ಲಿ ಮನುಷ್ಯರಲ್ಲಿರುವಂತೆ ಗಂಡಿನ ವರ್ಣತಂತುಗಳೇ ಲಿಂಗವನ್ನು ನಿರ್ಧರಿಸುತ್ತವೆ ಎಂಬುದನ್ನು ತೋರಿಸಿತು. ಪ್ಯಾಂಥರ್ ಗೋಸುಂಬೆಯ ಬಳಗದಲ್ಲಿ ಕೋಳಿಗಳಲ್ಲಿರುವಂತೆ ಹೆಣ್ಣಿನ ವರ್ಣತಂತುಗಳು ಆ ಕೆಲಸ ಮಾಡುತ್ತವೆ. ಅಂದರೆ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಮೂಡುವಾಗಲೇ ತೀರ್ಮಾನವಾಗಿರುತ್ತದೆ. ಸಾಕುವವನ ಕೈಯಲ್ಲಿ ಅದು ಇಲ್ಲ.

ಗುರುತಿಸುವ ವಿಧಾನ ಇಷ್ಟು. ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ ಇದನ್ನು ತಿಳಿದವರೂ ಪಾಲಿಸದ ಒಂದು ನಿಯಮವಿದೆ: ನೋಡುವುದಕ್ಕಾಗಿ ಮರಿಯನ್ನು ಹಿಡಿಯಬಾರದು. ಗೋಸುಂಬೆ ನಾಯಿಮರಿಯಂತೆ ಸ್ಪರ್ಶವನ್ನು ಬಯಸುವ ಜೀವಿಯಲ್ಲ. ಮೇಲಿನಿಂದ ಬರುವ ಕೈ ಅದರ ಪಾಲಿಗೆ ಹದ್ದಿನ ಕಾಲುಗುರು. ಅದು ಬಣ್ಣ ಬದಲಿಸುವುದು ಸುತ್ತಲಿನ ಎಲೆಯನ್ನು ಅನುಕರಿಸಲಿಕ್ಕೆಂಬ ನಂಬಿಕೆ ಬಹುಮಟ್ಟಿಗೆ ತಪ್ಪು. ಬಿಸಿಲು, ಚಳಿ, ಸಿಟ್ಟು, ಭಯ, ಕೂಡುವ ಬಯಕೆ, ಬೇಡವೆಂಬ ನಿರಾಕರಣೆ, ಇವೆಲ್ಲವೂ ಅದರ ಚರ್ಮದ ಮೇಲೆ ಬಣ್ಣವಾಗಿ ಬರುತ್ತವೆ. ಚರ್ಮದೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿ ಬೆಳಕನ್ನು ಬೇರೆ ಬೇರೆಯಾಗಿ ಪ್ರತಿಫಲಿಸುವುದರಿಂದ ಹೀಗಾಗುತ್ತದೆ ಎಂಬುದನ್ನು 2015ರಲ್ಲಿ ಪ್ಯಾಂಥರ್ ಗೋಸುಂಬೆಯ ಅಧ್ಯಯನ ಹೊರಗೆಡಹಿತು. ಕೈಯಲ್ಲಿ ಹಿಡಿದ ಮರಿ ಕಪ್ಪಿಟ್ಟಿದ್ದನ್ನು ಕಂಡು ‘ಎಷ್ಟು ಚೆಂದ ಬಣ್ಣ ಬದಲಿಸುತ್ತದೆ’ ಎಂದು ಮೆಚ್ಚುವವನು ಅದರ ಭಯವನ್ನು ಮೆಚ್ಚುತ್ತಿರುತ್ತಾನೆ. ಮರಿ ತಾನಾಗಿ ಜಾಲರಿಯನ್ನೋ ಕಡ್ಡಿಯನ್ನೋ ಏರುವಾಗ ಹಿಂದಿನಿಂದ ನೋಡಿದರೂ, ದೂರದಿಂದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೂ ಹಿಮ್ಮಡಿ ಕಾಣುತ್ತದೆ.

ಇನ್ನು ಮರಿ ಹೆಣ್ಣೆಂದು ತಿಳಿದ ಮೇಲಿನ ಮಾತು. ಫಾರಂ ಕೋಳಿ ಹುಂಜದ ಮುಖ ಕಾಣದೆಯೇ ಮೊಟ್ಟೆಯಿಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯೆಮನ್ ಗೋಸುಂಬೆಯ ಹೆಣ್ಣೂ ಹಾಗೆಯೇ. ಗಂಡಿನ ಸಂಗವಿಲ್ಲದಿದ್ದರೂ ಅದು ಪ್ರಾಯಕ್ಕೆ ಬಂದೊಡನೆ, ಅಂದರೆ ಹುಟ್ಟಿದ ನಾಲ್ಕಾರು ತಿಂಗಳಲ್ಲಿಯೇ, ಒಡಲಲ್ಲಿ ಮೊಟ್ಟೆ ಕಟ್ಟತೊಡಗಬಹುದು. ಕೋಳಿ ದಿನಕ್ಕೊಂದು ಇಟ್ಟರೆ ಇದು ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಅದಕ್ಕೂ ಬಹಳ ಹೆಚ್ಚು ಮೊಟ್ಟೆಗಳನ್ನು ಇಡಬೇಕು. ಗೂಡಿನಲ್ಲಿ ಮಿತಿಮೀರಿ ಹುಳು ತಿನ್ನಿಸಿ, ದೀಪದ ಶಾಖ ಹೆಚ್ಚಿಸಿದಷ್ಟೂ ಮೊಟ್ಟೆಗಳ ಸಂಖ್ಯೆಯೂ ಏರುತ್ತದೆ. ಪ್ರೀತಿಯಿಂದ ಹೊಟ್ಟೆ ತುಂಬ ತಿನ್ನಿಸಿದವನೇ ಅರಿವಿಲ್ಲದೆ ಅದರ ಭಾರವನ್ನು ಹೆಚ್ಚಿಸುತ್ತಾನೆ.

ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಆಹಾರ ಬಿಡುತ್ತದೆ, ಗೂಡಿನ ನೆಲದ ಮೇಲೆ ಗೊತ್ತುಗುರಿಯಿಲ್ಲದೆ ಅಲೆದಾಡುತ್ತದೆ, ಮೂಲೆ ಕೆರೆಯುತ್ತದೆ. ಅದಕ್ಕೆ ಆಗ ಬೇಕಾದದ್ದು ಕುಸಿಯದ ಹದದಲ್ಲಿ ತೇವವಿರುವ ಮರಳು ಅಥವಾ ಮಣ್ಣು, ತನ್ನ ಮೈ ಮುಳುಗುವಷ್ಟು ಆಳಕ್ಕೆ ತೋಡಲು ಅವಕಾಶ, ಯಾರ ಕಣ್ಣೂ ಬೀಳದ ಏಕಾಂತ. ಗಾಜಿನ ತಳ, ಹಾಸಿದ ಕಾಗದ, ಎದುರಿಗೆ ಇಣುಕುವ ಮುಖಗಳು, ಇವುಗಳ ನಡುವೆ ಅದು ಮೊಟ್ಟೆಗಳನ್ನು ಇಡದೆ ಒಳಗೇ ಹಿಡಿದುಕೊಳ್ಳುತ್ತದೆ. ಹೀಗೆ ಮೊಟ್ಟೆ ಒಳಗೆ ಕಟ್ಟಿಕೊಂಡರೆ, ಶಸ್ತ್ರಚಿಕಿತ್ಸೆ ಬಲ್ಲ ಪಶುವೈದ್ಯರು ಸಕಾಲಕ್ಕೆ ಸಿಗದಿದ್ದರೆ, ಸಾವು ಖಚಿತವೆನ್ನಬಹುದು. ಸರೀಸೃಪಗಳಿಗೆ ಚಿಕಿತ್ಸೆ ನೀಡಬಲ್ಲ ವೈದ್ಯರು ದೊಡ್ಡ ನಗರಗಳಲ್ಲಿಯೇ ಅಪರೂಪ. ತಾಲ್ಲೂಕು ಕೇಂದ್ರದಲ್ಲಿ ಹಸುವಿಗೂ ವೈದ್ಯರು ಸಮಯಕ್ಕೆ ದೊರೆಯದ ಊರಿನಲ್ಲಿ ಗೋಸುಂಬೆಯ ಗತಿಯೇನು?

ಮೊಟ್ಟೆ ಇಟ್ಟು ಮುಗಿಸಿದರೂ ಕಷ್ಟ ಮುಗಿಯದು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ತಾಯಿಯ ಮೂಳೆಯಿಂದಲೇ ಹೋಗುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ, ಅದನ್ನು ಮೈಗೂಡಿಸಿಕೊಳ್ಳಲು ಬೇಕಾದ ಬಿಸಿಲಿನ ಅತಿನೇರಳೆ ಕಿರಣ, ಎರಡೂ ಇರಬೇಕು. ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಆ ಕಿರಣ ಸೋಸಿಹೋಗುತ್ತದೆ. ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾದ ಗೋಸುಂಬೆಗಳು ಪಂಜರದ ಬದುಕಿನ ಸಾಮಾನ್ಯ ದೃಶ್ಯ. ಪಂಜರದಲ್ಲಿ ಹೆಣ್ಣು ಗಂಡಿಗಿಂತ ಕಡಿಮೆ ಕಾಲ ಬದುಕುತ್ತದೆ ಎಂಬುದನ್ನು ಸಾಕಿದವರೆಲ್ಲ ಒಪ್ಪುತ್ತಾರೆ. ಲಿಂಗ ತಿಳಿಯದೆ ಎರಡು ಮರಿಗಳನ್ನು ‘ಜೊತೆಗಿರಲಿ’ ಎಂದು ಒಂದೇ ಗೂಡಿಗೆ ಬಿಡುವುದು ಇನ್ನೊಂದು ಅನಾಹುತ. ಗೋಸುಂಬೆ ಒಂಟಿ ಜೀವಿ. ಎರಡೂ ಗಂಡಾದರೆ ಒಂದನ್ನೊಂದು ಕಚ್ಚುತ್ತವೆ. ಒಂದು ಹೆಣ್ಣಾದರೆ ಪೂರ್ತಿ ಬೆಳೆಯುವ ಮೊದಲೇ ಅದಕ್ಕೆ ಮೊಟ್ಟೆಯ ಹೊರೆ ಬೀಳುತ್ತದೆ. ಮಾರುವವನು ‘ಇನ್ನೂ ಮರಿ, ಲಿಂಗ ತಿಳಿಯದು’ ಎಂದು ಕೈತೊಳೆದುಕೊಂಡರೆ ಆ ಅಜ್ಞಾನದ ಬೆಲೆಯನ್ನು ತೆರುವುದು ಹೆಣ್ಣು ಮರಿ. ಹಾಲು ಕರೆಯದ ಗಂಡು ಕರುವನ್ನು ಏನು ಮಾಡುವುದೆಂದು ತಿಳಿಯದೆ ಕಂಗಾಲಾಗಿರುವ ಹಳ್ಳಿಗಳಿಗೆ, ಮಾರುಕಟ್ಟೆ ಒಂದು ಲಿಂಗಕ್ಕೆ ಮಾತ್ರ ಬೆಲೆ ಕಟ್ಟಿದರೆ ಇನ್ನೊಂದರ ಪಾಡೇನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಡಿನಲ್ಲಿಯೂ ಹೆಣ್ಣು ಗೋಸುಂಬೆಗೆ ಮೊಟ್ಟೆ ಹಗುರವೇನಲ್ಲ. ಮಡಗಾಸ್ಕರಿನ ಒಣ ಸೀಮೆಯ ಲಬೋರ್ಡ್ ಗೋಸುಂಬೆಯ ಬದುಕು ಇದಕ್ಕೆ ಸಾಕ್ಷಿ. ಅದು ಎಂಟೊಂಬತ್ತು ತಿಂಗಳನ್ನು ಮೊಟ್ಟೆಯೊಳಗೇ ಕಳೆದು, ಮಳೆಗಾಲದ ಆರಂಭದಲ್ಲಿ ಹೊರಬಂದು, ನಾಲ್ಕೈದು ತಿಂಗಳಲ್ಲಿ ಬೆಳೆದು, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ ಎಂಬುದು 2008ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಜಗತ್ತಿಗೆ ತಿಳಿಯಿತು. ವರ್ಷದ ಬಹುಭಾಗ ಆ ಪ್ರಭೇದ ಮಣ್ಣಿನಡಿಯ ಮೊಟ್ಟೆಗಳಾಗಿ ಮಾತ್ರ ಉಳಿದಿರುತ್ತದೆ. ಆದರೆ ಕಾಡಿನ ಹೆಣ್ಣಿಗೆ ತೋಡಲು ಮಣ್ಣಿದೆ, ಅಡಗಲು ಪೊದೆಯಿದೆ, ಬೇಡದ ಗಂಡಿನಿಂದ ದೂರ ಸರಿಯಲು ಕೊಂಬೆಯಿದೆ. ಪಂಜರ ಕಸಿದುಕೊಳ್ಳುವುದು ಇವನ್ನೇ.

ಹೆಣ್ಣು ಮರಿಯ ಪ್ರಶ್ನೆ ಪಂಜರಕ್ಕಷ್ಟೇ ಸೀಮಿತವಾಗಿಲ್ಲ. ಅದು ಕಾಡಿನ ಪ್ರಶ್ನೆಯೂ ಹೌದು. ಒಮ್ಮೆ ಕೂಡಿದ ಯೆಮನ್ ಗೋಸುಂಬೆಯ ಹೆಣ್ಣು ಗಂಡಿನ ವೀರ್ಯವನ್ನು ಒಡಲೊಳಗೆ ತಿಂಗಳುಗಟ್ಟಲೆ ಕಾಪಿಟ್ಟುಕೊಂಡು, ಮುಂದೆ ಗಂಡಿನ ನೆರವಿಲ್ಲದೆ ಮತ್ತೊಮ್ಮೆ ಫಲಿತ ಮೊಟ್ಟೆಗಳನ್ನು ಇಡಬಲ್ಲುದು. ಸಾಕಿ ಬೇಸತ್ತವನು ತೋಟದಂಚಿಗೆ ಬಿಟ್ಟ ಒಂದೇ ಒಂದು ಹೆಣ್ಣು ಒಂದು ಹೊಸ ಸಂತತಿಯ ಮೂಲವಾಗಬಹುದು. ಇದು ಕೇವಲ ಊಹೆಯಲ್ಲ. 1972ರಲ್ಲಿ ಹವಾಯಿಯ ಓಆಹು ದ್ವೀಪಕ್ಕೆ ಸಾಕುಪ್ರಾಣಿ ವ್ಯಾಪಾರಕ್ಕೆಂದು ಕೀನ್ಯಾದಿಂದ ಕೆಲವು ಡಜನ್ ಜಾಕ್ಸನ್ ಗೋಸುಂಬೆಗಳು ಬಂದವು. ಪ್ರಯಾಣದಲ್ಲಿ ಸೊರಗಿದ್ದ ಅವು ಚೇತರಿಸಿಕೊಳ್ಳಲಿ ಎಂದು ಹಿತ್ತಲಿನಲ್ಲಿ ಬಿಡಲಾಯಿತು. ಅಲ್ಲಿಂದ ಅವು ಚದುರಿದವು. ಈ ಪ್ರಭೇದ ಮೊಟ್ಟೆಯಿಡದೆ ನೇರವಾಗಿ ಮರಿಗಳನ್ನೇ ಹಾಕುತ್ತದೆ. ತಂಪಾದ ಗುಡ್ಡಗಾಡು ಅವುಗಳಿಗೆ ತವರಿನಂತೆಯೇ ಒಗ್ಗಿತು. ಮುಂದೆ ಬೇರೆ ದ್ವೀಪಗಳಿಗೂ ಹಬ್ಬಿದ ಅವುಗಳ ಹೊಟ್ಟೆಯಲ್ಲಿ, ಜಗತ್ತಿನಲ್ಲಿ ಇನ್ನೆಲ್ಲಿಯೂ ಇಲ್ಲದ ಹವಾಯಿಯ ಮರಬಸವನಹುಳುಗಳ ಚಿಪ್ಪುಗಳು ಸಂಶೋಧಕರಿಗೆ ದೊರೆತಿವೆ. ಅಳಿವಿನಂಚಿನಲ್ಲಿರುವ ಆ ಬಸವನಹುಳುಗಳಿಗೆ ಮರದ ಮೇಲೆ ಬೇಟೆಯಾಡುವ ಹಲ್ಲಿಜಾತಿಯ ಪ್ರಾಣಿಯ ಪರಿಚಯವೇ ಇರಲಿಲ್ಲ. 2002ರ ಹೊತ್ತಿಗೆ ಹವಾಯಿಯ ಮಾವಿ ದ್ವೀಪದಲ್ಲಿಯೂ ಅಮೆರಿಕದ ಫ್ಲಾರಿಡಾದಲ್ಲಿಯೂ ಯೆಮನ್ ಗೋಸುಂಬೆಗಳು ಬಯಲಿನಲ್ಲಿ ಕಾಣಿಸಿಕೊಂಡವು. ಅವೂ ಮನೆಗಳಿಂದ ಹೊರಬಿದ್ದವುಗಳ ಸಂತತಿಯೇ.

ಲಂಟಾನ ಅಲಂಕಾರದ ಗಿಡವಾಗಿ ಈ ನೆಲಕ್ಕೆ ಬಂತು. ಇಂದು ಅದು ಕಾಡಿನ ನೆಲವನ್ನೇ ಮುಚ್ಚಿ ಮೇವನ್ನು ನುಂಗಿದೆ. ಆಫ್ರಿಕದ ದೈತ್ಯ ಬಸವನಹುಳು ಮಳೆಗಾಲದಲ್ಲಿ ತೋಟಗಳಿಗೆ ನುಗ್ಗಿ ಎಳೆ ಸಸಿಗಳನ್ನು ಮೇಯುವುದನ್ನು ಬೆಳೆಗಾರರು ಕಂಡಿದ್ದಾರೆ. ಹೊರಗಿನದೊಂದು ಜೀವಿ ಬೇಲಿ ದಾಟಿದ ಮೇಲೆ ಅದನ್ನು ಮರಳಿ ಬುಟ್ಟಿಗೆ ತುಂಬುವುದು ಅಸಾಧ್ಯವೆಂಬ ಪಾಠವನ್ನು ಪಶ್ಚಿಮ ಘಟ್ಟದ ಜನ ಬೆಲೆ ತೆತ್ತು ಕಲಿತಿದ್ದಾರೆ. ಯೆಮನ್ನಿನ ಬೆಟ್ಟದ ಗೋಸುಂಬೆಗೆ ಘಟ್ಟದ ಒಣ ಸೆರಗು ಒಗ್ಗುವುದಿಲ್ಲವೆಂದು ಯಾರೂ ಭರವಸೆ ನೀಡಲಾರರು. ಅಂತಹ ಪ್ರಯೋಗಕ್ಕೆ ಇದು ಸ್ಥಳವಲ್ಲ.

ಕಾನೂನಿನ ಮಾತಿಗೆ ಬಂದರೆ, ಭಾರತದ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದಿದೆ. ಕೊಲ್ಲುವುದು ಮಾತ್ರವೇ ಅಪರಾಧವೆಂದು ತಿಳಿದವರು ಹಲವರು. ಆ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಶಾಲೆಯ ಪ್ರದರ್ಶನಕ್ಕೆಂದು ಬಾಟಲಿಯಲ್ಲಿ ತಂದಿಟ್ಟರೂ ಅದಕ್ಕೆ ವಿನಾಯಿತಿ ಇಲ್ಲ. ವಿದೇಶಿ ಗೋಸುಂಬೆಗಳ ವ್ಯಾಪಾರವನ್ನು ನಿಯಂತ್ರಿಸುವುದು ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದ. 1990ರ ದಶಕದ ಮಧ್ಯದಲ್ಲಿ ಆ ಒಪ್ಪಂದದಡಿ ಮಡಗಾಸ್ಕರಿನ ಬಹುಪಾಲು ಗೋಸುಂಬೆ ಪ್ರಭೇದಗಳ ರಫ್ತು ತಡೆಹಿಡಿಯಲ್ಪಟ್ಟಿತು. ಪ್ಯಾಂಥರ್ ಸೇರಿದಂತೆ ಕೆಲವೇ ಪ್ರಭೇದಗಳು ಅದರಿಂದ ಹೊರಗುಳಿದವು. ಭಾರತದಲ್ಲಿ 2022ರ ತಿದ್ದುಪಡಿ ಕಾಯ್ದೆ ಈ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ದೇಶದ ಕಾನೂನಿನೊಳಕ್ಕೆ ತಂದಿತು. 2024ರ ನಿಯಮಗಳ ಪ್ರಕಾರ ಅಂತಹ ಪ್ರಾಣಿಯನ್ನು ಇರಿಸಿಕೊಂಡವರು ಅದನ್ನು ನೋಂದಾಯಿಸಬೇಕು. ಅದರ ಹಸ್ತಾಂತರ, ಜನನ, ಮರಣಗಳನ್ನೂ ವರದಿ ಮಾಡಬೇಕು. ‘ಗೆಳೆಯ ಕೊಟ್ಟ, ಸುಮ್ಮನೆ ಇಟ್ಟುಕೊಂಡೆ’ ಎಂಬ ಕಾಲ ಮುಗಿದಿದೆ. ಆದರೆ ಕಾನೂನು ಕಾಗದವನ್ನು ಕೇಳುತ್ತದೆಯೇ ಹೊರತು, ಹೆಣ್ಣು ಗೋಸುಂಬೆಗೆ ತೋಡಲು ಮಣ್ಣು ಕೊಟ್ಟಿದ್ದೀರಾ ಎಂದು ಕೇಳುವುದಿಲ್ಲ. ಅದು ಮನಸ್ಸಾಕ್ಷಿಗೆ ಬಿಟ್ಟದ್ದು.

ಪಂಜರದ ಗೋಸುಂಬೆಯನ್ನು ಎಲ್ಲೋ ದೂರದ ವಿಷಯವೆಂದು ತಳ್ಳಿಹಾಕುವಂತಿಲ್ಲ. ವಿದೇಶಿ ಮರಿಗೆ ಸಾವಿರಾರು ರೂಪಾಯಿ ತೆರಲಾರದವನ ಕಣ್ಣು ಬೇಲಿಯ ಮೇಲಿನ ಪ್ರಾಣಿಯತ್ತ ಹೊರಳುವುದು ಸುಲಭ. ಭಾರತದ ಗೋಸುಂಬೆ ಸದಾ ಮಳೆ ಸುರಿಯುವ ದಟ್ಟ ಕಾಡಿಗಿಂತ ಕುರುಚಲು ಕಾಡು, ಹೊಲದ ಬೇಲಿ, ಬಿಡಿ ಮರಗಳಿರುವ ಒಣ ನೆಲವನ್ನು ಇಷ್ಟಪಡುತ್ತದೆ. ಹೀಗಾಗಿ ಮಲೆನಾಡಿನ ಮೂಡಣ ಅಂಚಿನವರಿಗೆ, ಬಯಲುಸೀಮೆಯವರಿಗೆ ಅದರ ಪರಿಚಯ ಹೆಚ್ಚು. ಹಿಂದೆ ಇದನ್ನು ಪ್ರಾಣಿಶಾಸ್ತ್ರಜ್ಞರು ‘ಕಮೀಲಿಯೊ ಕ್ಯಾಲ್ಕರೇಟಸ್’ ಎಂದು ಕರೆಯುತ್ತಿದ್ದರು. ಲ್ಯಾಟಿನ್ನಿನ ಆ ಪದಕ್ಕೆ ‘ಕಾಲಿನಲ್ಲಿ ಮುಳ್ಳುಳ್ಳದ್ದು’ ಎಂದು ಅರ್ಥ. ಯೆಮನ್ನಿನ ತನ್ನ ಬಂಧುವಿನಂತೆ ಇದರ ಗಂಡಿಗೂ ಹಿಮ್ಮಡಿಯಲ್ಲಿ ಮುಳ್ಳಿದೆ. ಹೆಸರಿಟ್ಟವರು ನೋಡಿದ್ದನ್ನು ಹಳ್ಳಿಯ ಹುಡುಗ ಹುಡುಗಿಯರೂ ಬೇಲಿಯಿಂದ ನಾಲ್ಕು ಮಾರು ದೂರ ನಿಂತು ನೋಡಬಹುದು.

ಗೋಸುಂಬೆಗೆ ವಿಷವಿಲ್ಲ. ಅದರ ಉಸಿರು ತಾಗಿದರೆ ಕೇಡು, ಅದು ಎದುರಾದರೆ ಅಪಶಕುನ ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಮಾತು ತಪ್ಪುವವರನ್ನು, ಪಕ್ಷ ಬದಲಿಸುವವರನ್ನು ಗೋಸುಂಬೆಯೆಂದು ಹೀಗಳೆಯುವ ಭಾಷೆ ಆ ಪ್ರಾಣಿಗೆ ಅನ್ಯಾಯ ಮಾಡಿದೆ; ಅದು ತನ್ನ ಮನಸ್ಸನ್ನು ಬಚ್ಚಿಡುವುದಿಲ್ಲ, ಮೈಮೇಲೆಯೇ ತೋರಿಸುತ್ತದೆ. ಮರದ ಮೇಲೆಯೇ ಬದುಕು ಸಾಗಿಸುವ ಈ ನಿಧಾನಿಯ ಹೆಣ್ಣು ನೆಲಕ್ಕಿಳಿಯಲೇಬೇಕಾದ ಒಂದು ಸಂದರ್ಭವಿದೆ. ಮಣ್ಣಿನಲ್ಲಿ ಕುಣಿ ತೋಡಿ ಹತ್ತಾರು ಮೊಟ್ಟೆಗಳನ್ನಿಟ್ಟು, ಮತ್ತೆ ಮಣ್ಣು ಮುಚ್ಚಿ ಅದು ಮರವೇರುತ್ತದೆ. ರಸ್ತೆಯ ಮೇಲೆ ತೂಗಾಡುತ್ತ ಒಂದೊಂದೇ ಹೆಜ್ಜೆ ಇಡುವ ಗೋಸುಂಬೆ, ‘ಸುಲಭವಾಗಿ ಸಿಕ್ಕಿತು’ ಎಂದು ಮಕ್ಕಳು ಮನೆಗೆ ಹೊತ್ತು ತರುವ ಗೋಸುಂಬೆ, ಮೊಟ್ಟೆಯಿಡಲು ಜಾಗ ಹುಡುಕುತ್ತಿರುವ ತಾಯಿಯಾಗಿರಬಹುದು. ಅದನ್ನು ಒಯ್ದು ರಟ್ಟಿನ ಡಬ್ಬಿಯಲ್ಲಿಟ್ಟರೆ ಒಂದು ಜೀವದ ಜೊತೆಗೆ ಮುಂದಿನ ಹತ್ತಾರು ಜೀವಗಳೂ ಹೋಗುತ್ತವೆ.

ಹಾಗಾದರೆ ಕುತೂಹಲವೇ ತಪ್ಪೇ? ಖಂಡಿತ ಅಲ್ಲ. ಎಳೆಯ ಮನಸ್ಸಿಗೆ ಗಂಡು ಹೆಣ್ಣಿನ ಭೇದವನ್ನು ತಿಳಿಯುವ ಆಸೆ ಜೀವಶಾಸ್ತ್ರದ ಮೊದಲ ಮೆಟ್ಟಿಲು. ಅದಕ್ಕೆ ಪಂಜರ ಬೇಡ. ಮಳೆಗಾಲದ ಮುಂಚೆ ಬೇಲಿಯ ಮೇಲೆ ಕತ್ತು ಕೆಂಪಾಗಿಸಿಕೊಂಡು ಬಸ್ಕಿ ಹೊಡೆಯುವ ಓತಿಕ್ಯಾತ ಗಂಡು. ಅದೇ ಬೇಲಿಯಲ್ಲಿ ಮಾಸಲು ಬಣ್ಣದಲ್ಲಿ ಸುಮ್ಮನೆ ಕುಳಿತಿರುವುದು ಹೆಣ್ಣಿರಬಹುದು. ಅಡಕೆ ಮರದ ಕಾಂಡದ ಮೇಲೆ ಹಳದಿ ಗಂಟಲ ಚೀಲವನ್ನು ಬಾವುಟದಂತೆ ಬೀಸುವುದು ಹಾರುವ ಓತಿಯ ಗಂಡು. ಹೆಣ್ಣಿನ ಗಂಟಲ ಚೀಲ ಚಿಕ್ಕದು, ಮಂಕು ಬಣ್ಣದ್ದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದ ವಿದ್ಯಾರ್ಥಿಗಳು ಆ ಓತಿಯನ್ನು ಕಾದಂಬರಿಯಲ್ಲಿ ಹುಡುಕಿ ಹೊರಟರೆ ಸಾಲದು. ತಮ್ಮದೇ ತೋಟದಲ್ಲಿ ಒಂದು ಬೆಳಗು ಕಾದು ಕುಳಿತು ಕಾಣಬೇಕು. ಕೈಯಲ್ಲಿ ಹಿಡಿಯದೆ ಲಿಂಗವನ್ನು ಗುರುತಿಸುವುದನ್ನು ಕಲಿತವನು ಹಿಡಿದು ನೋಡಿದವನಿಗಿಂತ ಹೆಚ್ಚು ಕಲಿತಿರುತ್ತಾನೆ, ಏಕೆಂದರೆ ಅವನು ಪ್ರಾಣಿಯ ನಡೆಯನ್ನೂ ಕಂಡಿರುತ್ತಾನೆ.

2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ರಚನೆಯಾಗಿ, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ಹಲವೆಡೆ ಅದು ಕಪಾಟು ಸೇರಿದ ಕಡತ. ಊರಿನ ಪ್ರೌಢಶಾಲೆಯ ಮಕ್ಕಳು ಗೋಸುಂಬೆ ಕಂಡ ದಿನಾಂಕ, ಜಾಗ, ಯಾವ ಮರ, ಹಿಮ್ಮಡಿಯಲ್ಲಿ ಮುಳ್ಳು ಇತ್ತೇ ಇಲ್ಲವೇ, ನೆಲದಲ್ಲಿತ್ತೇ ಕೊಂಬೆಯಲ್ಲಿತ್ತೇ ಎಂಬ ನಾಲ್ಕೇ ಸಾಲು ಬರೆದಿಟ್ಟರೆ ಆ 'ದಾಖಲೆ'ಗೆ ಜೀವ ಬರುತ್ತದೆ. ಯಾವ ತಿಂಗಳಲ್ಲಿ ಹೆಣ್ಣುಗಳು ಹೆಚ್ಚಾಗಿ ನೆಲಕ್ಕಿಳಿಯುತ್ತವೆ ಎಂಬುದು ಎರಡು ಮೂರು ವರ್ಷಗಳಲ್ಲಿ ಆ ಪುಟಗಳಿಂದಲೇ ತಿಳಿದುಬಂದೀತು. ಆಗ ಬೇಲಿ ಸವರುವ, ಒಣ ಹುಲ್ಲಿಗೆ ಬೆಂಕಿಯಿಡುವ, ರಸ್ತೆಯ ಬದಿ ಅಗೆಯುವ ಕೆಲಸಗಳನ್ನು ಆ ದಿನಗಳಲ್ಲಿ ಮುಂದೂಡುವಂತೆ ಪಂಚಾಯಿತಿಯನ್ನು ಕೇಳಲು ಊರಿನ ಕೈಯಲ್ಲಿ ಆಧಾರವಿರುತ್ತದೆ.

ಈಗಾಗಲೇ ಮನೆಯಲ್ಲಿ ವಿದೇಶಿ ಗೋಸುಂಬೆ ಇರುವವರು ಅದನ್ನು ಕಾಡಿಗೆ ಬಿಡಕೂಡದು. ನೋಂದಾಯಿಸಬೇಕು, ಹಿಮ್ಮಡಿ ನೋಡಿ ಲಿಂಗ ತಿಳಿಯಬೇಕು, ಹೆಣ್ಣಾದರೆ ಇಂದೇ ತೇವದ ಮರಳಿನ ತೊಟ್ಟಿಯನ್ನು ಒದಗಿಸಿ, ತಿನ್ನಿಸುವುದನ್ನು ಹಿತಮಿತಗೊಳಿಸಬೇಕು; ಮರಿ ಮಾಡಿಸುವ ಆಸೆಯನ್ನು ಬಿಡಬೇಕು. ಕೊಳ್ಳಲು ಹೊರಟವರು ಹಿಂದಿರುಗಬೇಕು. ಹಳ್ಳಿಯ ರಸ್ತೆಯಲ್ಲಿ ಗಾಡಿ ಓಡಿಸುವವರು, ಮುಂದೆ ತೂಗಾಡುತ್ತ ದಾರಿ ದಾಟುವ ಹಸಿರು ಜೀವವೊಂದು ಕಂಡರೆ, ಅದು ಗಂಡೋ ಹೆಣ್ಣೋ ಎಂದು ಇಳಿದು ಪರೀಕ್ಷಿಸುವುದೂ ಬೇಡ. ಎರಡು ನಿಮಿಷ ಗಾಡಿ ನಿಲ್ಲಿಸಿ, ಅದು ಆಚೆಯ ಬೇಲಿಯನ್ನು ಮುಟ್ಟುವವರೆಗೆ ಕಾದರೆ ಸಾಕು.